ನಾನು ಬದುಕಿಸಿದ ಗೂಢಚಾರಿಣಿ

ಆ ಕಾದಂಬರಿಯ ಕೊನೆಯ ಹಾಳೆಗಳನ್ನು ಹರಿದವಳು ನಾನು. ಹರಿದು ಬಚ್ಚಲ ಒಲೆಗೆ ಹಾಕಿ, ಅದೇ ಉರಿಯಲ್ಲಿ ಸ್ನಾನಕ್ಕೆ ನೀರು ಕಾಸಿದೆ. ಇಳಕಲ್ಲಿನ ನಮ್ಮ ಓಣಿಯ ಶಂಕ್ರವ್ವ ಸುಳ್ಳುಗಾತಿ ಎನಿಸಿಕೊಂಡದ್ದು ನನ್ನಿಂದ — ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಮಾತು. ಶಂಕ್ರವ್ವನದು ನಮ್ಮ ಪಕ್ಕದ ನೇಕಾರರ ಮನೆ. ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವಾಗ ಮಗ್ಗ ಸುಮ್ಮನಿರುತ್ತದೆ. ಆ ಹೊತ್ತಿಗೆ ನಾನು ಅಡಿಗೆ ಮುಗಿಸಿ, ಒದ್ದೆ ಕೈ ಒರೆಸಿಕೊಂಡು, ಪುಸ್ತಕ ಹಿಡಿದು ಹೋಗುತ್ತಿದ್ದೆ. ಅಲ್ಲಿ ಕೂರುತ್ತಿದ್ದ ಹೆಂಗಸರಲ್ಲಿ ಓದಬಲ್ಲವರು ಇರಲಿಲ್ಲ. ನಾನು ಓದುವುದು, ಹೆಂಗಸರು ಎಳೆ ಜೋಡಿಸುತ್ತ ಕೇಳುವುದು. ಒಮ್ಮೆ ತಂದೆಯವರ ಪೆಟ್ಟಿಗೆಯಲ್ಲಿದ್ದ ಹಳೆಯ ಗೂಢಚಾರ ಕಾದಂಬರಿ ಒಯ್ದೆ. ಶತ್ರುವಿನ ಕೋಟೆಯಲ್ಲಿ ಅಡಿಗೆಯವಳಾಗಿ ಸೇರಿಕೊಂಡ ಹೆಣ್ಣಿನ ಕಥೆ. ಶಂಕ್ರವ್ವ ಅವಳನ್ನು ಮನೆಮಗಳಂತೆ ಹಚ್ಚಿಕೊಂಡಳು.

"ಈಕಿ ಸತ್ಳಂದ್ರ ನಾ ಎಳಿ ಮುಟ್ಟಾಂಗಿಲ್ಲ ನೋಡ್ರಿ ಅಕ್ಕಾರ. ಸೀರಿ ಉಡಾಕಿ ನಿಮ್ಮನ್ನ ಬೈತಾಳ," ಎಂದು ಓದಿನ ಕೊನೆಯ ದಿನ ನಗಾಡಿದಳು.

ಪುಸ್ತಕದಲ್ಲಿ ಅವಳು ಗುಂಡೇಟಿಗೆ ಸಾಯುತ್ತಾಳೆ. ನನ್ನ ಕಣ್ಣು ಆ ಸಾಲುಗಳ ಮೇಲೇ ಇತ್ತು. ಬಾಯಿ ಮಾತ್ರ ಅವಳನ್ನು ಹಿಟ್ಟು ಹೇರಿದ ಚಕ್ಕಡಿ ಗಾಡಿಯಲ್ಲಿ ಅಡಗಿಸಿ ಕೋಟೆ ದಾಟಿಸಿತು. ಹೊಳೆಯಾಚೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರಿಸಿತು... ಶಂಕ್ರವ್ವ ಕಣ್ಣೊರೆಸಿಕೊಂಡಳು. ನಾನು ಹಿಗ್ಗಿದೆ — ಅದನ್ನು ಕರುಣೆ ಎನ್ನಲಾರೆ, ಹಿಗ್ಗೇ. ಮರುದಿನ ಸಾಲೆಗೆ ಹೋಗುತ್ತಿದ್ದ ಅವಳ ಮಗಳು, ತಾನೂ ಓದಿ ನೋಡುತ್ತೇನೆಂದು ಪುಸ್ತಕ ಕೇಳಿದಳು. ಸಿಕ್ಕಿಬೀಳುತ್ತೇನೆಂದು ಹಾಳೆ ಹರಿದೆ.

ಎಷ್ಟೋ ವರ್ಷಗಳ ಮೇಲೆ ಬಾಗಲಕೋಟೆಯ ಪ್ರಾಧ್ಯಾಪಕರೊಬ್ಬರು ಆ ಕಾದಂಬರಿಯನ್ನು ಟಿಪ್ಪಣಿಗಳೊಡನೆ ಹೊಸದಾಗಿ ಸಂಪಾದಿಸಲು ಹೊರಟರು. ಬೇರೆ ಪ್ರತಿ ಸಿಗದೆ ನಮ್ಮದನ್ನು ಕೇಳಿಕೊಂಡು ಬಂದರು. ಬರುವಾಗ ಅಮೀನಗಡದ ಕರದಂಟು ತಂದಿದ್ದರು. ಕೊನೆಯ ಹಾಳೆಗಳಿಲ್ಲದ್ದು ಕಂಡು ಅವರ ಮುಖ ಇಳಿಯಿತು. ಹುಳ ತಿಂದಿರಬೇಕು ಎಂದೆ. ಅಷ್ಟರಲ್ಲಿ ಬಂದ ಶಂಕ್ರವ್ವ, ತಾನು ಕೇಳಿದ ಕೊನೆಯನ್ನು ಪೂರ್ತಿ ಒಪ್ಪಿಸಿದಳು. ಅವರು ಬರೆದುಕೊಳ್ಳುತ್ತಿದ್ದರೆ ನಾನು ಕಪ್ಪುಬಸಿ ತೊಳೆಯಲು ಒಳಗೆ ಹೋದೆ. ಅದು ಹಾಗೆಯೇ, ಕೇಳಿದವಳ ನೆನಪಿನಿಂದ ಪಡೆದದ್ದೆಂದು, ಅವಳ ಹೆಸರಿನೊಂದಿಗೆ ಅಚ್ಚಾಯಿತು. ಆ ಪುಟವನ್ನು ಅವಳು ಮಗಳಿಂದ ಓದಿಸಿ ಓದಿಸಿ ಓಣಿಗೆಲ್ಲ ಕೇಳಿಸಿದಳು.

ಆಮೇಲೆ ಬಾದಾಮಿಯ ಒಂದು ಮನೆಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ಪ್ರಾಧ್ಯಾಪಕರು ಸಿಟ್ಟಿನಿಂದ ಬಂದು, ಓಣಿಯ ಕಟ್ಟೆಯ ಮೇಲೇ, ಮಂದಿಯೆದುರೇ, ಯಾಕೆ ಸುಳ್ಳು ಹೇಳಿದಿ ಎಂದು ಅವಳನ್ನು ಕೇಳಿದರು. ಶಂಕ್ರವ್ವ ನನ್ನ ಕಡೆ ತಿರುಗಿದಳು.

"ನೀವು ಓದಿದ್ದನ್ನ ನಾ ಹೇಳೇನಿ. ಹೌದಲ್ರಿ ಅಕ್ಕಾರ?"

"ನನಗ ನೆನಪಿಲ್ಲವ್ವ," ಎಂದೆ.

ನೆನಪಿತ್ತು. ಯಾಕೆ ಹಾಗಂದೆನೋ — ಇಲ್ಲ, ಅದೂ ಗೊತ್ತಿದೆ. ಕಲಿತವಳೆಂಬ ಹೆಸರು ಆ ಓಣಿಯಲ್ಲಿ ನನಗಿತ್ತು, ಅದನ್ನು ಉಳಿಸಿಕೊಂಡೆ. ಅಂದಿನಿಂದ ಅವಳು ಏನೇ ಹೇಳಲಿ, "ಪುಸ್ತಕದಾಗ ಐತೇನಬೇ ಶಂಕ್ರವ್ವ?" ಎಂದು ಗಂಡಸರು ಚಾಷ್ಟಿ ಮಾಡಿದರು. ನಾನು ಓದಲು ಹೋಗುವುದನ್ನು ಬಿಟ್ಟೆ. ಅವಳೂ ಕರೆಯಲಿಲ್ಲ.

ಈಗ ಎರಡನೆಯ ಮುದ್ರಣ ಬರಲಿದೆ. ಅದರ ಅಡಿಟಿಪ್ಪಣಿಯಲ್ಲಿ ಆ ಕೊನೆಯನ್ನು ಶಂಕ್ರವ್ವನ ಕಟ್ಟುಕಥೆ ಎನ್ನುತ್ತಾರಂತೆ. ಅದು ತಿಳಿದ ಮೇಲೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಎಳೆಯಿಂದ ಕೈ ತೆಗೆಯಲಿಲ್ಲ.

"ನನಗ ಗೊತ್ತಿದ್ದದ್ದನ್ನ ನನಗ ಬಂದು ಹೇಳ್ತೀರಿ," ಎಂದಳು. "ಓಣಿಗೆ ಯಾರು ಹೇಳವರು?"

ಹೇಳುವವಳು ನಾನೇ. ಟಿಪ್ಪಣಿಯಲ್ಲಿ ಅವಳ ಹೆಸರು ತೆಗೆದು ನನ್ನದನ್ನು ಹಾಕಿರಿ ಎಂದು ಪ್ರಾಧ್ಯಾಪಕರಿಗೆ ತಿಳಿಸಿದ್ದೇನೆ. ನಾಳೆ ಗಂಡಸರೆಲ್ಲ ಕಟ್ಟೆಗೆ ಬಂದು ಕೂತ ಮೇಲೆ, ಅವರ ನಡುವೆ ನಿಂತು ಈ ಬರಹವನ್ನು ಗಟ್ಟಿಯಾಗಿ ಓದುತ್ತೇನೆ — ಇದ್ದದ್ದನ್ನು ಇದ್ದಂತೆ.