ತಿರುಪಿನ ಬಳೆ

ಸಾಲಿಗ್ರಾಮಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕನಿಗೆ ನಲವತ್ತು ತುಂಬುವ ಮೊದಲೇ ಕೀಲುವಾತ ಹಿಡಿಯಿತು. ಮೊದಲು ಬೆರಳ ಗೆಣ್ಣುಗಳು ಊದಿದವು, ಆಮೇಲೆ ಬೆರಳುಗಳೇ ಒಂದು ಕಡೆಗೆ ವಾಲಿದವು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿಬಿಟ್ಟಿದ್ದರು.

ನೋಡಲು ಬಂದವರೆಲ್ಲ ಕಿತ್ತಳೆ ತರುತ್ತಿದ್ದರು. ಅವಳಿಗೆ ಅದನ್ನು ಸುಲಿಯಲು ಆಗುತ್ತಿರಲಿಲ್ಲ. ಪಿರಿಯಾಪಟ್ಟಣದಲ್ಲಿ ಟೀಚರಾಗಿದ್ದ ನಾನೂ ಶನಿವಾರ ಶಾಲೆ ಮುಗಿಸಿ ಹೊರಟರೆ, ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡು ಹೋಗುತ್ತಿದ್ದೆ.

ಒಂದು ಸಲ ಹೋದಾಗ ಅಕ್ಕ ಮಂಕಾಗಿ ಕೂತಿದ್ದಳು. ಬೀದಿಗೆ ಹೊಸದಾಗಿ ಬಂದವರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೋಗಿದ್ದಳಂತೆ. ಗೆಣ್ಣು ದಾಟಿಸಲಾಗದೆ ಅವಳು ಬಳೆ ತೊಡುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಬೆವರಿಗೆ ಹಣೆಯ ಕುಂಕುಮವೂ ಅಳಿಸಿತ್ತೋ ಏನೋ. ಸಾಲಾಗಿ ಕುಂಕುಮ ಕೊಡುತ್ತ ಬಂದ ಆ ಮನೆಯ ಸೊಸೆ ಇವಳ ಬರಿಗೈ ನೋಡಿ, ತಟ್ಟೆಯನ್ನು ಪಕ್ಕದವರ ಮುಂದೆ ಹಿಡಿದಳಂತೆ.

"ಅವ್ಳದೇನೂ ತಪ್ಪಿಲ್ಲ ಕಣೇ," ಎಂದಳು ಅಕ್ಕ. "ನಿಮ್ ಭಾವ ಗುಂಡುಕಲ್ಲಂಗವ್ರೆ. ನನ್ ಕೈ ನೋಡಿದ್ರೆ ಅದು ಯಾರಿಗ್ ಗೊತ್ತಾಯ್ತದೆ?"

ಆಮೇಲೆ ಅವಳು ಯಾರ ಮನೆಗೂ ಹೋಗಲಿಲ್ಲ.

ಪಿರಿಯಾಪಟ್ಟಣದ ಬಳೆ ಅಂಗಡಿಯಲ್ಲಿ ಮುದುಕರೊಬ್ಬರಿದ್ದರು. ಬೆರಳು ದಾಟಿಸದೆ ತೊಡುವ ಹಸಿರು ಬಳೆ ಇದೆಯೇ ಎಂದು ಕೇಳಿದೆ.

"ಗಾಜಿಂದು ಅಂಗೆ ಬರಲ್ಲ ಕಣಮ್ಮ. ರೋಲ್ಡ್ ಗೋಲ್ಡಲ್ಲಿ ತಿರುಪಿಂದು ಐತೆ. ಬಿಚ್ಚಿ ಮಣಿಕಟ್ಟಿಗೇ ಆಕ್ಬೋದು."

ಹಸಿರು ಕಲ್ಲು ಕೂರಿಸಿದ ಜೊತೆಯೊಂದನ್ನು ತಂದೆ. ಪೊಟ್ಟಣ ಬಿಚ್ಚಿಕೊಟ್ಟಾಗ ಅಕ್ಕ ಬಳೆಗಳನ್ನು ಮಡಿಲಿಗೆ ಹಾಕಿಕೊಂಡಳು. ತಿರುಪು ತೆಗೆಯಲು ಅವಳಿಂದ ಆಗದು. ನಾನು ಕೈ ಚಾಚಿದೆ, ಕೊಡಲಿಲ್ಲ.

"ಅವ್ರು ಗದ್ದೆಯಿಂದ ಬರ್ಲಿ, ಇರು."

ಭಾವ ಬಂದು, ಕೈಕಾಲು ತೊಳೆದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಆ ಹೊತ್ತಿಗೆಲ್ಲ ಅವಳ ರವಿಕೆಯ ಹುಕ್ಕು ಹಾಕುವುದು, ಜಡೆ ಹೆಣೆಯುವುದು ಅವರದೇ ಕೆಲಸವಾಗಿತ್ತು. ಆದರೂ ಅಕ್ಕ ನನ್ನ ಕಡೆ ತಿರುಗಿ, "ನೀನ್ ಒಸಿ ಆಚ್ಗೆ ಓಗೇ, ನಾಚ್ಕೆ ಆಯ್ತದೆ," ಎಂದಳು. ನಾನು ಜಗಲಿಗೆ ಬಂದು ಕೂತೆ. ಒಳಗೆ ಅವಳು ನಕ್ಕಿದ್ದು ಕೇಳಿಸಿತು.

ಆ ಬಳೆ ತೊಟ್ಟುಕೊಂಡು ಅವಳು ಕೆ.ಆರ್. ನಗರದ ಒಂದು ಮದುವೆಗೂ ಬಂದಳು. ಸೆರಗು ಸರಿಮಾಡುವ ನೆಪದಲ್ಲಿ ಕೈ ಮತ್ತೆ ಮತ್ತೆ ಮೇಲೆತ್ತುತ್ತಿದ್ದಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಮಣಿಕಟ್ಟೂ ಊದಿಕೊಂಡಿತು. ತಿರುಪು ಕೂಡದಾಯಿತು. ಬಳೆಗಳನ್ನು ನನ್ನ ಕೈಗೇ ಹಾಕಿಸಿ, "ನೀನೇ ಇಕ್ಕೋ, ನಾನ್ ನೋಡ್ತಿರ್ತೀನಿ," ಎಂದಳು. ಅಲ್ಲಿಂದ ಮುಂದೆ ಏನು ಕೊಂಡುಹೋಗಬೇಕೆಂದು ನನಗೆ ತೋಚಲಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ ಅವಳ ಕೈ ನೀವುತ್ತ ಕೂರುತ್ತಿದ್ದೆ.

ಅವಳು ತೀರಿಕೊಂಡ ದಿನ ನೆಂಟರ ಹೆಂಗಸರು ಸಂಪ್ರದಾಯದಂತೆ ಹಸಿರು ಗಾಜಿನ ಬಳೆ ತಂದು, ಅವಳ ಬೆರಳುಗಳನ್ನು ಒತ್ತಿ ಹಿಡಿದು ತೊಡಿಸಲು ನೋಡಿದರು. ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಭಾವ ಎದ್ದು ಬಂದರು.

"ಬುಡ್ರವ್ವ," ಎಂದರು. "ಅವ್ಳಿಗೆ ನೋವಾಯ್ತದೆ."

ಹೆಂಗಸರು ಬಳೆ ಬದಿಗಿಟ್ಟರು. ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿ ಕಳಿಸಿದೆವು.