ಅಮ್ಮ ರಿಜಿಸ್ಟರು ಕೇಳಿದ್ದು

ಐವತ್ತರ ದಶಕದ ಕೊನೆಯ ಹೊತ್ತಿಗೆ ನಾನು ಪುತ್ತೂರಿನಲ್ಲಿ ಟೀಚರಾಗಿದ್ದೆ. ಅಮ್ಮ ಕಡಬದ ಹತ್ತಿರದ ನಮ್ಮ ಮನೆಯಲ್ಲಿ ಗದ್ದೆ ನೋಡಿಕೊಂಡು ಇದ್ದಳು. ಪುತ್ತೂರಿನಿಂದ ಕಡಬಕ್ಕೆ ಬಸ್ಸು ಓಡಿಸಲೆಂದು ಊರಿನ ಕೆಲವರು ಸೇರಿ ಕಂಪೆನಿ ಕಟ್ಟಿದಾಗ ಅಪ್ಪನೂ ಶೇರು ತೆಗೆದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಅಮ್ಮನ ಹೆಸರಿಗೆ ಬಂದಿತ್ತು. ಬಂದಿದೆ ಎಂದು ನಾವು ತಿಳಿದುಕೊಂಡಿದ್ದೆವು.

ಒಂದು ಶನಿವಾರ ಊರಿಗೆ ಹೋಗುವಾಗ ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಟೀಚರೇ, ನಿಮ್ಮ ಅಮ್ಮನೂ ಶೇರು ಕೊಟ್ರಂತಲ್ಲ? ಇನ್ನು ಎಲ್ಲ ನಮ್ಮ ಧನಿಗಳದ್ದೇ" ಎಂದ.

ಧನಿಗಳು ಎಂದರೆ ಕಂಪೆನಿಯ ಡೈರೆಕ್ಟರು, ಅಪ್ಪನ ಗೆಳೆಯ. ಅಮ್ಮನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವರು.

ಅಂಗಡಿಯಿಂದ ತಂದ ಬೆಲ್ಲವನ್ನು ಮನೆಯಲ್ಲಿ ಇನ್ನೊಮ್ಮೆ ತೂಗುವ ಹೆಂಗಸು ಅಮ್ಮ. ಕಂಡಕ್ಟರ್ ಹೇಳಿದ್ದನ್ನು ಅವಳಿಗೆ ಹೇಳಿದೆ. "ನಾನು ಯಾರಿಗೂ ಕೊಡ್ಲಿಲ್ಲ. ಮತ್ತೆ ಅವನಿಗೆ ಹೇಳಿದ್ದು ಯಾರು?" ಎಂದಳು. ಶೇರುದಾರರ ಮಹಾಸಭೆಯ ನೋಟೀಸು ಮನೆಗೆ ಬರದೆ ಎಷ್ಟೋ ಕಾಲವಾಗಿದ್ದು ಆಗ ನಮಗೆ ನೆನಪಾಯಿತು.

ಸೋಮವಾರ ನನ್ನ ಜೊತೆಯಲ್ಲೇ ಪುತ್ತೂರಿಗೆ ಹೊರಟಳು. ಗ್ಯಾರೇಜಿನ ಮಾಳಿಗೆಯಲ್ಲಿ ಕಂಪೆನಿಯ ಆಫೀಸು. ಡೈರೆಕ್ಟರು ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು, ಕಾಫಿ ತರಿಸಿದರು. ಅಮ್ಮ ತನ್ನ ಹೆಸರು ಬರೆದಿರುವ ಪುಸ್ತಕ ನೋಡಬೇಕೆಂದಾಗ ಅವರು ನಕ್ಕರು.

"ಎಂತ ಅತ್ತಿಗೆ, ನನ್ನ ಮೇಲೆ ನಂಬಿಕೆ ಇಲ್ವಾ? ಅದೆಲ್ಲ ಇಂಗ್ಲಿಷಿನಲ್ಲಿ ಉಂಟು. ನಿಮಗೆ ಅರ್ಥ ಆಗುದಿಲ್ಲ."

"ಇವಳಿಗೆ ಆಗ್ತದೆ" ಎಂದು ಅಮ್ಮ ನನ್ನ ಕಡೆ ತೋರಿಸಿದಳು.

ಪುಸ್ತಕ ಆಡಿಟರ ಬಳಿ ಇದೆ ಎಂದರು. ಹೇಳುವ ಮೊದಲು ಅವರ ಕಣ್ಣು ಗೋಡೆಯ ಕಪಾಟಿನ ಕಡೆ ಹೋದದ್ದನ್ನು ನಾನು ನೋಡಿದೆ. ಅಮ್ಮನೂ ನೋಡಿದ್ದಳು. ಅವಳ ಕಾಫಿ ಲೋಟದಲ್ಲಿ ಹಾಗೆಯೇ ಉಳಿಯಿತು.

ಕೋರ್ಟಿನ ಹತ್ತಿರ ನನ್ನ ಸಹಪಾಠಿಯ ತಂದೆ ವಕೀಲಿ ಮಾಡುತ್ತಿದ್ದರು. ಅವರು ಹೊಸ ಕಂಪೆನಿ ಕಾನೂನಿನ ದಪ್ಪ ಪುಸ್ತಕ ತೆರೆದು ನಿಧಾನವಾಗಿ ವಿವರಿಸಿದರು. ಶೇರುದಾರರು ಯಾರು ಯಾರು ಎಂಬ ರಿಜಿಸ್ಟರನ್ನು ಯಾವ ಶೇರುದಾರನೂ ಪುಕ್ಕಟೆ ನೋಡಬಹುದು, ಬರೆದುಕೊಳ್ಳಬಹುದು. ಮಹಾಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿಯನ್ನೂ ನೋಡಬಹುದು. ಕೊಡದಿದ್ದರೆ ಅಪರಾಧ.

"ಬಸ್ಸಿನ ದಿನದಿನದ ಲೆಕ್ಕ?" ಎಂದಳು ಅಮ್ಮ.

"ಅದು ಆಗುದಿಲ್ಲಮ್ಮ. ವರ್ಷಕ್ಕೊಮ್ಮೆ ಮೊತ್ತದ ಲೆಕ್ಕ ಕೊಡ್ತಾರೆ. ಒಳಗಿನ ಪುಸ್ತಕ ನೋಡ್ಲಿಕ್ಕೆ ಡೈರೆಕ್ಟರುಗಳು ಒಪ್ಪಬೇಕು, ಇಲ್ಲ ಮಹಾಸಭೆ ಒಪ್ಪಬೇಕು."

"ಅಂದ್ರೆ ಕದ್ದವನ ಹತ್ರವೇ ಅಪ್ಪಣೆ ಕೇಳುದಾ?"

"ಕದ್ದಿದ್ದಾರೆ ಅಂತ ಯಾರು ಹೇಳಿದ್ದು?" ಎಂದರು ವಕೀಲರು.

ಎರಡನೆಯ ಸಲ ಆಫೀಸಿಗೆ ಹೋದಾಗ ವಕೀಲರ ಹೆಸರು ಕೇಳುತ್ತಲೇ ರಿಜಿಸ್ಟರು ಅದೇ ಕಪಾಟಿನಿಂದ ಹೊರಗೆ ಬಂತು. ಅಮ್ಮನ ಹೆಸರು ಅದರಲ್ಲಿ ಸರಿಯಾಗಿಯೇ ಇತ್ತು. ನನಗೆ ನಾಚಿಕೆಯಾಗಿ ಎದ್ದು ಹೋಗೋಣ ಅನ್ನಿಸಿತು. ಅಮ್ಮ ಬಿಡಲಿಲ್ಲ. "ಬೇರೆಯವರದ್ದೂ ಓದು" ಎಂದಳು. ಓದುತ್ತಾ ಹೋದೆ. ಇಚಿಲಂಪಾಡಿಯವರು, ರಾಮಕುಂಜದವರು, ಅಪ್ಪನ ಜೊತೆ ಶೇರು ಹಾಕಿದವರು ಒಬ್ಬೊಬ್ಬರಾಗಿ ಕೆಂಪು ಗೆರೆಯಲ್ಲಿ ಹೊಡೆದು ಹೋಗಿದ್ದರು. ಅವರ ಶೇರೆಲ್ಲ ಒಬ್ಬ ಹೆಂಗಸಿನ ಹೆಸರಿಗೆ ಸೇರಿತ್ತು. ಆಕೆ ಡೈರೆಕ್ಟರ ಹೆಂಡತಿ. ಕಂಡಕ್ಟರ್ ಅಮ್ಮನನ್ನೂ ಈ ಮಾರಿದವರ ಸಾಲಿಗೇ ಸೇರಿಸಿಕೊಂಡಿದ್ದನೇನೋ. ಡೈರೆಕ್ಟರು ಮೇಜಿನಾಚೆ ಪೇಪರು ಹಿಡಿದು ಕೂತಿದ್ದರು. ಪುಟ ಮಾತ್ರ ಮಗುಚಲಿಲ್ಲ.

ಮಾರಿದವರಲ್ಲಿ ಒಬ್ಬರನ್ನು ನೋಡಲು ರಾಮಕುಂಜಕ್ಕೆ ಹೋದೆವು. ವಯಸ್ಸಾದ ರೈತ, ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು.

"ಕಂಪೆನಿ ಮುಳುಗ್ತದೆ, ಇರುವಾಗಲೇ ಕೊಟ್ಟುಬಿಡಿ ಅಂದ್ರು ಧನಿಗಳು. ಯಾರೂ ಬೇಡ ಅನ್ನುವ ಶೇರು ಅವರು ತೆಗೊಂಡ್ರಲ್ಲ, ದೊಡ್ಡ ಉಪಕಾರ ಮಾರಾಯ್ರೆ."

"ಮುಳುಗುವುದನ್ನು ಅವರು ಯಾಕೆ ತೆಗೊಳ್ಳುದು?" ಎಂದಳು ಅಮ್ಮ.

ಹಗ್ಗ ಹೊಸೆಯುವ ಕೈ ನಿಂತಿತು. "ಅದು ನಾನು ಕೇಳ್ಲಿಲ್ಲ" ಎಂದರು.

ಆಮೇಲೆ ಅಮ್ಮ ನಾನು ಬರೆದುಕೊಂಡಿದ್ದ ಹೆಸರುಗಳನ್ನು ಹಿಡಿದು, ಇನ್ನೂ ಮಾರದೆ ಉಳಿದವರನ್ನು ಮಹಾಸಭೆಗೆ ಕರೆಯಲು ಮನೆಮನೆಗೆ ಹೋದಳು. ಅದೇ ಕಂಪೆನಿಯ ಬಸ್ಸಿನಲ್ಲೇ ಹೋದಳು. ಕಂಡಕ್ಟರ್ ಈಗ ಅವಳೊಡನೆ ಮಾತಾಡುತ್ತಿರಲಿಲ್ಲ. ಅವಳು ಎಲ್ಲಿ ಇಳಿದಳು ಎಂಬುದು ಸಂಜೆಯೊಳಗೆ ಪುತ್ತೂರಿನ ಆಫೀಸಿಗೆ ತಲುಪುತ್ತದೆ ಎಂದು ಅವಳಿಗೆ ಅನುಮಾನ. ಅದಕ್ಕೇ ಹೋಗಬೇಕಾದ ಜಾಗಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತಿದ್ದಳು.

ಮುಂದಿನ ಮಹಾಸಭೆಯ ನೋಟೀಸು ಈ ಸಲ ಅಂಚೆಯಲ್ಲಿ ಬಂತು. ಸಭೆಯಲ್ಲಿ ಅಮ್ಮ ಎದ್ದು ನಿಂತಳು. ಶೇರುದಾರರಲ್ಲಿ ಬೇಕಾದವರಿಗೆ ಲೆಕ್ಕದ ಪುಸ್ತಕ ತೋರಿಸಬೇಕು ಎಂದಷ್ಟೇ ಹೇಳಿದಳು. ಕೈ ಎತ್ತಿಸಿದಾಗ ಅವಳ ಪರವಾಗಿಯೇ ಹೆಚ್ಚು ಕೈಗಳಿದ್ದವು. ಡೈರೆಕ್ಟರು ಸಿಟ್ಟಾಗಲಿಲ್ಲ. "ಸಂತೋಷ. ಈಗ ಶೇರಿನ ಪ್ರಕಾರ, ಒಂದು ಶೇರಿಗೆ ಒಂದು ಓಟಿನಂತೆ ಎಣಿಸುವ" ಎಂದರು. ಅದಕ್ಕೂ ಕಾನೂನಿನಲ್ಲಿ ದಾರಿಯಿತ್ತು. ಹಾಗೆ ಎಣಿಸಿದಾಗ ಅವರ ಹೆಂಡತಿಯದೊಂದೇ ಕೈ ನಮ್ಮೆಲ್ಲರ ಕೈಗಿಂತ ಭಾರವಾಯಿತು.

ನಾವು ಹೊರಗೆ ಬಂದೆವು. ಮೆಟ್ಟಿಲಿನವರೆಗೆ ಬಂದ ಡೈರೆಕ್ಟರು ಮೆಲ್ಲಗೆ, "ಅತ್ತಿಗೆ, ಅಣ್ಣ ಇದ್ದಿದ್ರೆ ನೀವು ಹೀಗೆ ಮಾಡ್ತಿರ್ಲಿಲ್ಲ" ಎಂದರು.

"ಅವರು ಇದ್ದಿದ್ರೆ ನೀವೂ ಮಾಡ್ತಿರ್ಲಿಲ್ಲ" ಎಂದಳು ಅಮ್ಮ.

ಅವಳು ಶೇರು ಮಾರಲಿಲ್ಲ. ಪ್ರತಿ ಸಭೆಯಲ್ಲೂ ಅದೇ ಮಾತು ಕೇಳಿದಳು, ಪ್ರತಿ ಸಲವೂ ಸೋತಳು. ಕೇಳಿದ್ದನ್ನು ನಡಾವಳಿಯಲ್ಲಿ ಬರೆದಿದ್ದಾರೋ ಇಲ್ಲವೋ ಎಂದು ನೋಡಿಬರಲು ಆಮೇಲೆ ನನ್ನನ್ನು ಕಳಿಸುತ್ತಿದ್ದಳು. ಬರೆದಿರುತ್ತಿದ್ದರು. ಮುಳುಗುತ್ತದೆಂದ ಕಂಪೆನಿಗೆ ನಡುವೆ ಹೊಸ ಬಸ್ಸೊಂದು ಬಂತು. ಅದಕ್ಕೆ ದುಡ್ಡು ಎಲ್ಲಿಂದ ಬಂತೆಂದು ನಮಗೆ ತಿಳಿಯಲಿಲ್ಲ. ಡೈರೆಕ್ಟರು ಕದ್ದರೋ, ನಿಜವಾಗಿ ನಷ್ಟದಲ್ಲಿದ್ದ ಕಂಪೆನಿಯನ್ನು ತಾವೊಬ್ಬರೇ ಎತ್ತಿ ನಿಲ್ಲಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅರವತ್ತರ ದಶಕದಲ್ಲಿ ಮಂಗಳೂರಿನವರು ಯಾರೋ ಬಂದು ಕಂಪೆನಿಯನ್ನು ಕೊಂಡರು. ಅಮ್ಮನ ಶೇರನ್ನು ಅವರ ಹೆಸರಿಗೆ ಮಾಡುವ ಕಾಗದಕ್ಕೆ ರುಜು ಹಾಕಿಸಲು ಡೈರೆಕ್ಟರೇ ನಮ್ಮ ಮನೆಗೆ ಬಂದರು. ತುಂಬ ಸೊರಗಿದ್ದರು, ಮೆಟ್ಟಿಲು ಹತ್ತಲು ಏದುಸಿರು ಬಿಟ್ಟರು. ಅಮ್ಮ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಕಾಗದವನ್ನು ನನ್ನ ಕೈಗೆ ಕೊಟ್ಟಳು. ಮೊದಲಿನಿಂದ ಕೊನೆಯವರೆಗೆ ಅರ್ಥ ಹೇಳಿಸಿಕೊಂಡಳು. ಮುಗಿದ ಮೇಲೆ ಇನ್ನೊಮ್ಮೆ ಓದು ಎಂದಳು. ಅವರು ಅಂಗಳದ ಕಡೆ ಮುಖ ಮಾಡಿಕೊಂಡು, ಓದಿ ಮುಗಿಯುವ ತನಕ ಕಾದು ಕೂತರು.