ನಾನು ಕಾಣದ ಬಸದಿಯ ದಾರಿ

ಪಕ್ಕದೂರು ಜುಗೂಳದ ಆಚೆ ಹೊಲಗಳ ನಡುವೆ ಒಂದು ಹಳೆಯ ಕಲ್ಲಿನ ಬಸದಿಯಿದೆ. ಅವ್ವ ಹುಣ್ಣಿಮೆಗೊಮ್ಮೆ ಅಲ್ಲಿಗೆ ನಡೆದು ಹೋಗಿ ದೀಪ ಹಚ್ಚುತ್ತಿದ್ದಳು. ಸಾಯುವ ಮುನ್ನ ಆ ಕೆಲಸ ನನಗೆ ಒಪ್ಪಿಸಿದಳು. ಮಿರಜಕ್ಕೆ ಮದುವೆಯಾಗಿ ಹೋದ ಅಕ್ಕ ಫೋನಿನಲ್ಲಿ, "ದೀಪ ಹಚ್ಚಿದಿಲ್ಲೋ?" ಎಂದು ಕೇಳಿದಾಗಲೆಲ್ಲ, "ಹಚ್ಚೇನಿ" ಎನ್ನುತ್ತಿದ್ದೆ. ಈಗ ಎಪ್ಪತ್ತು ದಾಟಿದೆ, ಹೇಳಿಬಿಡುತ್ತೇನೆ. ನಾನು ಒಂದು ಸಲವೂ ಹೋಗಿರಲಿಲ್ಲ. ದೀಪಕ್ಕೆಂದು ಅವ್ವ ಇಟ್ಟುಹೋಗಿದ್ದ ಎಣ್ಣೆಯನ್ನು ಗೆಳೆಯರ ಜೊತೆ ಕಾಲುವೆ ದಂಡೆಯಲ್ಲಿ ಕೂತು ಚುರಮುರಿಗೆ ಕಲಸಿ ತಿಂದೆ.

ಹೋದ ಚಳಿಗಾಲದ ಹುಣ್ಣಿಮೆಗೆ ಅಕ್ಕ ಎಣ್ಣೆ ಬಾಟಲಿ ಹಿಡಿದೇ ಬಂದಳು.

"ಮೊಣಕಾಲ ಆಪರೇಶನ್ ಐತಿ. ಅದಕ್ಕ ಮೊದಲ ಅವ್ವನ ದೀಪ ಕಣ್ಣಿಂದ ನೋಡಬೇಕು. ಸ್ಕೂಟರ್ ತಗಿ."

ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. ಜುಗೂಳದಲ್ಲಿ ಮೂತ್ರಕ್ಕೆಂದು ಇಳಿದು, ಗೋಡೆಯ ಹಿಂದೆ ನಿಂತಿದ್ದವನೊಬ್ಬನನ್ನು ಮೆಲ್ಲಗೆ ಕೇಳಿದೆ. "ಸೀದಾ ಹೋಗ್ರಿ. ಎತ್ತರ ಕಬ್ಬು ಮುಗದು ಬಯಲು ಬರ್ತೈತಲ್ಲ, ಅಲ್ಲಿ ಬಲಕ್ಕ ಹೊಳ್ರಿ" ಎಂದ. ಹೋದೆವು. ಆದರೆ ಕಬ್ಬು ಕಡಿಯುವ ಗ್ಯಾಂಗಿನವರು ಅಂದು ಬೆಳಿಗ್ಗೆಯೇ ಇನ್ನೆರಡು ಹೊಲ ಕಡಿದಿದ್ದರು. ಈಗ ಅಲ್ಲಲ್ಲಿ ಬಯಲು, ಅವನು ಹೇಳಿದ್ದು ಯಾವುದೋ! ಸಿಕ್ಕಲ್ಲಿ ಬಲಕ್ಕೆ ಹೊರಳಿದೆ. ಕಬ್ಬಿನ ನಡುವೆ ಸ್ಕೂಟರ್ ಕುಪ್ಪಳಿಸಿದಾಗಲೆಲ್ಲ ಅಕ್ಕ "ಅಯ್ಯಯ್ಯೋ!" ಎಂದು ಕಿರುಚಿ, ಮರುಗಳಿಗೆ ಕಿಲಕಿಲ ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಮುದುಕರು, ತಲೆ ತುಂಬ ಕಬ್ಬಿನ ಒಣಗರಿಯ ರವದಿ.

ಮೇವು ಕಟ್ಟುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಅಜ್ಜಾರ, ಮೂರನೇ ಸುತ್ತು ಬಂದ್ರಿ. ನಮ್ಮ ಕಬ್ಬಿಗಿ ಪ್ರದಕ್ಷಿಣಿ ಹಾಕಾಕತ್ತೀರೇನು?"

ಅಕ್ಕನ ನಗು ನಿಂತಿತು. "ತಿಂಗಳಾ ಬರೋಂವಗ ದಾರಿ ಮರೀತೈತೇನೋ?"

ಸ್ಕೂಟರ್ ನಿಲ್ಲಿಸಿ, ತಿರುಗಿ ನೋಡದೆ ಎಲ್ಲ ಹೇಳಿಬಿಟ್ಟೆ. ಚುರಮುರಿಯನ್ನೂ ಬಿಡಲಿಲ್ಲ. ಬೆನ್ನಿಗೆ ದಪ್ಪನೆ ಒಂದು ಗುದ್ದು ಬಿತ್ತು.

"ಅವ್ವನ ಎಣ್ಣಿ ತಿಂದೇನ್ಲೇ ಬಾಡ್ಯಾ!"

ಮೇವಿನ ಹೆಂಗಸು ಮುಂದೆ ನಡೆದು ದಾರಿ ತೋರಿಸಿದಳು. ಬಸದಿ ಎರಡಾಳೆತ್ತರ, ಅಷ್ಟೇ. ಕಂಬಗಳು ಮಾತ್ರ ನುಣ್ಣಗೆ, ಮುಟ್ಟಿದರೆ ತಣ್ಣಗೆ. ದೀಪದ ಗೂಡಿನಲ್ಲಿ ಹಕ್ಕಿಯ ಕಸ ತುಂಬಿತ್ತು. ಅಕ್ಕ ಅದನ್ನು ಸೆರಗಿನಿಂದ ಒರೆಸುವಾಗ ಅತ್ತಳು. ನಾನು ಬತ್ತಿ ಹೊಸೆದೆ. ಗಾಳಿಗೆ ಮೂರು ಕಡ್ಡಿ ಕೆಟ್ಟವು, ನಾಲ್ಕನೆಯದು ಹತ್ತಿತು.

"ಇನ್ನ ಮ್ಯಾಲ ಹುಣ್ಣಿಮಿಗೊಮ್ಮೆ ಇಲ್ಲಿಂದನ ವಿಡಿಯೋ ಕಾಲ್ ಮಾಡಬೇಕು" ಎಂದಳು ಅಕ್ಕ. "ಬಾಯಿ ಮಾತು ನಾ ನಂಬಂಗಿಲ್ಲ. ದೀಪಾನೂ ಕಾಣಬೇಕು, ನಿನ್ನ ಮುಸಡೀನೂ ಕಾಣಬೇಕು."

"ಹೂಂ" ಎಂದೆ. ಎಷ್ಟೋ ವರ್ಷಗಳ ಮೇಲೆ ಅಕ್ಕನ ಮುಖ ನೋಡಿ ಹೇಳಿದ "ಹೂಂ" ಅದು.